ತಿಗರಿಯಿಲ್ಲದ ಮಡಕೆ

ಹೆದ್ದಾರಿಗೋ ಅಣೆಕಟ್ಟಿಗೋ ಜಾಗ ಗೊತ್ತು ಮಾಡುವ ಮೊದಲು ಅಲ್ಲಿನ ಮಣ್ಣು ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿ ನಡೆಯುವ ಪರೀಕ್ಷೆಗಳ ಪೈಕಿ ಒಂದಕ್ಕೆ ಯಂತ್ರವೇ ಬೇಕಿಲ್ಲ. ಮಣ್ಣನ್ನು 425 ಮೈಕ್ರಾನಿನ ಜರಡಿಯಲ್ಲಿ ಸೋಸಿ, ನೀರು ಹಾಕಿ ಕಲಸಿ, ಗಾಜಿನ ಹಲಗೆಯ ಮೇಲಿಟ್ಟು ಕೈಯಿಂದ ಹೊಸೆಯುತ್ತಾರೆ. ನಿಮಿಷಕ್ಕೆ 80ರಿಂದ 90 ಸಲ ಕೈ ಹಿಂದೆ ಮುಂದೆ ಆಡಬೇಕು. ಎಳೆ 3 ಮಿಲಿಮೀಟರ್ ದಪ್ಪಕ್ಕೆ ಬಂದರೆ ಮುದ್ದೆ ಮಾಡಿ ಮತ್ತೆ ಹೊಸೆಯಬೇಕು. ಹೊಸೆದಂತೆಲ್ಲ ಮಣ್ಣಿನ ನೀರು ಆರುತ್ತಾ ಬರುತ್ತದೆ. ಕೊನೆಗೊಮ್ಮೆ ಎಳೆ 3 ಮಿ.ಮೀ.ಗೆ ಇಳಿಯುವಷ್ಟರಲ್ಲಿ ಬಿರಿದು ತುಂಡು ತುಂಡಾಗುತ್ತದೆ. ಆಗ ಆ ತುಂಡುಗಳನ್ನು ತೂಗಿ, ಒಣಗಿಸಿ, ಮತ್ತೆ ತೂಗಿದರೆ ಎಷ್ಟು ನೀರಿಗೆ ಆ ಮಣ್ಣು ಬಾಗುವ ಗುಣ ಕಳೆದುಕೊಳ್ಳುತ್ತದೆ ಎಂಬ ಲೆಕ್ಕ ಸಿಗುತ್ತದೆ. ಎಂಜಿನಿಯರುಗಳು ಇದನ್ನು ಪ್ಲಾಸ್ಟಿಕ್ ಲಿಮಿಟ್ ಎನ್ನುತ್ತಾರೆ. ಸ್ವೀಡನ್ನಿನ ರಸಾಯನ ವಿಜ್ಞಾನಿ ಆಲ್ಬರ್ಟ್ ಅಟರ್‌ಬರ್ಗ್ 1911ರಲ್ಲಿ ಇಂಥ ಮಿತಿಗಳ ವಿಚಾರ ಮಂಡಿಸಿದ. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಆರ್ಥರ್ ಕಾಸಾಗ್ರಾಂಡೆ 1930ರ ದಶಕದಲ್ಲಿ ಪರೀಕ್ಷೆಗೆ ಕಟ್ಟುನಿಟ್ಟಿನ ರೂಪ ಕೊಟ್ಟ. ನಮ್ಮ ಭಾರತೀಯ ಮಾನಕದಲ್ಲೂ (ಐಎಸ್ 2720, ಭಾಗ 5) ಅದೇ 3 ಮಿ.ಮೀ. ಎಳೆ ಇದೆ.

ತಿಗರಿಯನ್ನೇ ಮುಟ್ಟದೆ ಮೊದಲ ಸಲ ಮಡಕೆ ಮಾಡಲು ಕೂತವರು ಮಾಡುವುದೂ ಇದನ್ನೇ. ಮಣ್ಣನ್ನು ಎಳೆಯಾಗಿ ಹೊಸೆದು, ಸುತ್ತಿನ ಮೇಲೆ ಸುತ್ತು ಇಟ್ಟು ಗೋಡೆ ಎಬ್ಬಿಸುತ್ತಾರೆ. ತಿಗರಿಯ ಮೇಲೆ ಕೈ ಕೂರಲು ವರ್ಷಗಟ್ಟಲೆ ಬೇಕು. ಎಳೆ ಹೊಸೆಯಲು, ಮನೆಯಲ್ಲಿ ಕೋಡುಬಳೆ ಹೊಸೆದು ಗೊತ್ತಿದ್ದವರಿಗೆ, ಹೊಸದಾಗಿ ಕಲಿಯುವುದು ಹೆಚ್ಚೇನಿಲ್ಲ. ಆದರೆ ಈ ಸುಲಭದ ದಾರಿಗೆ ಇನ್ನೊಂದು ಲಾಭವಿದೆ. ತಿಗರಿಯ ವೇಗದಲ್ಲಿ ಮರೆಯಾಗಿ ಹೋಗುವ ಮಣ್ಣಿನ ಗುಣಗಳೆಲ್ಲ ಎಳೆಯಲ್ಲಿ ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಮಡಕೆ ಮಾಡುವಾಗ ಹೇಳಿಕೊಡುವ ಹತ್ತಾರು ನಿಯಮಗಳು ಎರಡೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ನೀರು ಎಲ್ಲಿದೆ, ಮಣ್ಣಿನ ಕಣಗಳು ಯಾವ ಕಡೆಗೆ ಮಲಗಿವೆ?

ಗೆಂಡೆಹಳ್ಳಿಯಿಂದ ಅರಸೀಕೆರೆಗೆ

ಈ ಪ್ರಶ್ನೆ ಕೇಳಲು ಹಾಸನ ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ ಮಲೆನಾಡಿನ ಸೆರಗಿನಲ್ಲಿದೆ. ಕಾಫಿ ತೋಟ, ಕೆಂಪು ಮಣ್ಣು, ಮುಂಗಾರಿನಲ್ಲಿ ಬಿಡದೆ ಹಿಡಿಯುವ ಮಳೆ. ಅಲ್ಲಿಂದ ಬೇಲೂರು, ಹಳೇಬೀಡು ದಾಟಿ ಅರಸೀಕೆರೆಯ ಕಡೆ ಹೊರಟರೆ ಮಳೆ ಕಡಿಮೆಯಾಗುತ್ತಾ, ತೆಂಗಿನ ತೋಟ ಮತ್ತು ರಾಗಿ ಹೊಲ ಹೆಚ್ಚುತ್ತಾ, ಬಯಲುಸೀಮೆ ತೆರೆದುಕೊಳ್ಳುತ್ತದೆ. ಒಂದೇ ದಿನದಲ್ಲಿ ಹೋಗಿಬರುವಷ್ಟು ದೂರದಲ್ಲಿ ಮಣ್ಣಿನ ಸ್ವಭಾವ ಬದಲಾಗುತ್ತದೆ.

ಕಾರಣ ಮಳೆ. ಈ ನೆಲದ ತಳದಲ್ಲಿರುವ ಗ್ರಾನೈಟು, ನೈಸ್ ಶಿಲೆಗಳಲ್ಲಿ ಫೆಲ್ಡ್‌ಸ್ಪಾರ್ ಎಂಬ ಖನಿಜ ಹೇರಳ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ಕೊಳೆತ ಎಲೆಗಳ ಆಮ್ಲವನ್ನೂ ಹೊತ್ತು ಶಿಲೆಯೊಳಗೆ ಇಳಿದು ಈ ಫೆಲ್ಡ್‌ಸ್ಪಾರನ್ನು ನಿಧಾನಕ್ಕೆ ಕೊಳೆಸುತ್ತದೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ತೊಳೆದು ಹೋಗುತ್ತವೆ. ಉಳಿಯುವುದು ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕ ಮತ್ತು ಒಂದಿಷ್ಟು ನೀರು ಸೇರಿದ ಜೇಡಿ ಖನಿಜ. ಮಳೆ ಜೋರಾಗಿದ್ದು ನೀರು ಬಸಿದು ಹೋಗುವ ಇಳಿಜಾರಿನಲ್ಲಿ ತೊಳೆತ ಪೂರ್ತಿಯಾಗಿ ನಡೆಯುತ್ತದೆ; ಅಲ್ಲಿ ಸಿಗುವುದು ಹೆಚ್ಚಾಗಿ ಕೆಯೊಲಿನೈಟ್. ಮಳೆ ಕಡಿಮೆಯಿದ್ದು ನೀರು ನಿಲ್ಲುವ ತಗ್ಗಿನಲ್ಲಿ ಲವಣಗಳು ಅಲ್ಲೇ ಉಳಿದು ಸ್ಮೆಕ್ಟೈಟ್ ಗುಂಪಿನ ಖನಿಜಗಳು ಹುಟ್ಟುತ್ತವೆ. ಎರೆಮಣ್ಣು ಬೇಸಗೆಯಲ್ಲಿ ಕಾಲು ಹೂತುಹೋಗುವಷ್ಟು ಬಿರುಕು ಬಿಡುವುದು ಈ ಸ್ಮೆಕ್ಟೈಟಿನಿಂದಲೇ. ಅದರ ಪದರಗಳ ನಡುವಿನ ಸಂದಿಗೇ ನೀರು ನುಗ್ಗಿ ಖನಿಜವೇ ಊದಿಕೊಳ್ಳುತ್ತದೆ, ಒಣಗಿದರೆ ಕುಗ್ಗುತ್ತದೆ. ಕೆಯೊಲಿನೈಟ್ ಹಾಗಲ್ಲ. ನೀರು ಅದರ ಹರಳುಗಳ ಮೈಮೇಲೆ ಮಾತ್ರ ಕೂರುತ್ತದೆ.

ಹೊಸಬರಿಗೆ ಇದರ ಅರ್ಥ ಇಷ್ಟು: ಮಲೆನಾಡಿನ ಕೆಂಪು ಮಣ್ಣು ಕುಗ್ಗುವುದು ಕಡಿಮೆ, ಆದರೆ ಎಳೆ ಬೇಗ ಬಿರಿಯುತ್ತದೆ. ಎರೆ ಬೆರೆತ ಮಣ್ಣಿನ ಎಳೆ ದಾರದಷ್ಟು ಸಣ್ಣಕ್ಕೂ ಬಾಗುತ್ತದೆ, ಆದರೆ ಒಣಗುವಾಗ ಮಡಕೆ ಸೀಳುತ್ತದೆ. ಇವೆರಡರ ನಡುವಿನ ಹದ ಸಾಮಾನ್ಯವಾಗಿ ಕೆರೆಯಲ್ಲಿದೆ. ಸುತ್ತಲಿನ ದಿಬ್ಬಗಳಿಂದ ಹರಿದು ಬಂದ ನೀರು ದಪ್ಪ ಮರಳನ್ನು ದಾರಿಯಲ್ಲೇ ಬಿಟ್ಟು, ನುಣುಪಾದ ಗೋಡನ್ನು ಕೆರೆಯ ತಳಕ್ಕೆ ತರುತ್ತದೆ. ಕುಂಬಾರರು ಕೆರೆ ಮಣ್ಣಿಗೇ ಹೋಗುವುದು ಸುಮ್ಮನೆ ಅಲ್ಲ. ಸೋಸುವ ಕೆಲಸದ ಅರ್ಧವನ್ನು ಮಳೆಗಾಲ ಮಾಡಿ ಮುಗಿಸಿರುತ್ತದೆ.

ಬೇಲೂರಿನ ಕಲ್ಲೂ ಪದರವೇ

ಬೇಲೂರಿನ ಚೆನ್ನಕೇಶವ ದೇವಾಲಯ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾಯಿತು. ಅದರ ಶಿಲಾಬಾಲಿಕೆಯರ ಬೆರಳು, ಒಡವೆ, ಬಳ್ಳಿಯ ಸುಳಿಗಳನ್ನು ಅಷ್ಟು ಸಣ್ಣಕ್ಕೆ ಬಿಡಿಸಲು ಸಾಧ್ಯವಾದದ್ದು ಬಳಪದ ಕಲ್ಲಿನಿಂದ. ಭೂವಿಜ್ಞಾನಿಗಳು ಅದನ್ನು ಕ್ಲೋರೈಟ್ ಶಿಸ್ಟ್ ಎನ್ನುತ್ತಾರೆ. ಕ್ಲೋರೈಟ್, ಬಳಪದಲ್ಲಿರುವ ಟಾಲ್ಕ್, ಮಡಕೆ ಮಣ್ಣಿನ ಕೆಯೊಲಿನೈಟ್, ಇವೆಲ್ಲ ಒಂದೇ ಕುಲದವು: ಪದರ ಸಿಲಿಕೇಟುಗಳು. ಇವುಗಳಲ್ಲಿ ಪರಮಾಣುಗಳು ಉದ್ದಗಲಕ್ಕೆ ಬಿಗಿಯಾಗಿ ಕೂಡಿಕೊಂಡು ತೆಳುವಾದ ಹಾಳೆಗಳಾಗುತ್ತವೆ. ಹಾಳೆ ಹಾಳೆಗಳ ನಡುವಿನ ಬಂಧ ಅದಕ್ಕಿಂತ ಸಡಿಲ. ಕೆಯೊಲಿನೈಟಿನ ಒಂದು ಪದರದ ದಪ್ಪ ಸುಮಾರು 0.7 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನಲ್ಲಿ ಹದಿನಾಲ್ಕು ಲಕ್ಷ ಪದರ ಹಿಡಿಸುತ್ತವೆ. ಬಳಪದ ಕಲ್ಲನ್ನು ಮುಟ್ಟಿದಾಗ ಜಾರುವುದು ಈ ಪದರಗಳು ಒಂದರ ಮೇಲೊಂದು ಸರಿಯುವುದರಿಂದಲೇ; ಹಸಿ ಜೇಡಿಯಲ್ಲಿ ಸರಿಯುವುದು ಇಂಥ ಪದರಗಳಾದ ಚಪ್ಪಟೆ ಕಣಗಳು.

ಹೊಯ್ಸಳರ ಶಿಲ್ಪಿ ಪದರ ಖನಿಜವನ್ನು ಕಲ್ಲಾಗಿ ಕೆತ್ತಿದ. ಕುಂಬಾರ ಅದೇ ಕುಲದ ಖನಿಜವನ್ನು ಪುಡಿಯಾಗಿ ಕಲಸುತ್ತಾನೆ. ಎರಡನ್ನೂ ಒಟ್ಟಿಗೆ ಸೇರಿಸಿದವರೂ ಇದ್ದಾರೆ. ಮಣಿಪುರದ ಉಖ್ರುಲ್ ಜಿಲ್ಲೆಯ ಲೋಂಗ್‌ಪಿಯಲ್ಲಿ ತಂಗ್‌ಖುಲ್ ನಾಗಾ ಜನ ಸರ್ಪೆಂಟೈನ್ ಎಂಬ ಇನ್ನೊಂದು ಪದರ ಶಿಲೆಯನ್ನು ಕುಟ್ಟಿ ಜೇಡಿಗೆ ಬೆರೆಸಿ, ತಿಗರಿ ಇಲ್ಲದೆ ಕೈಯಲ್ಲೇ ಕಪ್ಪು ಪಾತ್ರೆಗಳನ್ನು ಮಾಡುತ್ತಾರೆ. ಅವು ನೇರವಾಗಿ ಒಲೆಯ ಮೇಲೇರುತ್ತವೆ.

ಜೇಡಿಯ ಕಣ ಎರಡು ಮೈಕ್ರಾನಿಗಿಂತ ಸಣ್ಣದು, ಚಪ್ಪಟೆ. ಎರಡು ಚಪ್ಪಟೆ ಕಣಗಳ ನಡುವೆ ತೆಳುವಾದ ನೀರಿನ ಪೊರೆ ಇದ್ದಾಗ ಅವು ಅಂಟಿಕೊಂಡೂ ಇರುತ್ತವೆ, ಒತ್ತಿದರೆ ಸರಿಯುತ್ತವೆ, ಬಿಟ್ಟರೆ ಸರಿದಲ್ಲೇ ನಿಲ್ಲುತ್ತವೆ. ಮಣ್ಣು ಕೊಟ್ಟ ಆಕಾರ ಉಳಿಸಿಕೊಳ್ಳುವುದರ ಗುಟ್ಟು ಇಷ್ಟೇ. ಪೊರೆ ದಪ್ಪವಾದರೆ ಕೆಸರು, ತೆಳುವಾಗಿ ಹರಿದರೆ ಬಿರುಕು. ಮರಳಿನ ಕಣ ಗುಂಡಗೆ, ದಪ್ಪಗೆ ಇರುವುದರಿಂದ ಎಷ್ಟೇ ನೀರು ಹಾಕಿದರೂ ಅದರಲ್ಲಿ ಎಳೆ ಬರುವುದಿಲ್ಲ.

ಬಾಟಲಿಯಲ್ಲಿ ಕೆರೆ

ತಂದ ಮಣ್ಣಿನಲ್ಲಿ ಜೇಡಿ ಎಷ್ಟಿದೆ? ಒಂದು ಗಾಜಿನ ಬಾಟಲಿ ಸಾಕು. ಕಾಲು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಉಪ್ಪಲ್ಲ, ಒಂದು ಚಿಟಿಕೆ ಸೋಪಿನ ಪುಡಿ ಹಾಕಿ ಚೆನ್ನಾಗಿ ಕುಲುಕಿ ಇಡಿ. ಉಪ್ಪು ಜೇಡಿಯ ಕಣಗಳನ್ನು ಗಂಟು ಕಟ್ಟಿಸಿ ಬೇಗ ಕೂರಿಸುತ್ತದೆ, ಸೋಪಿನ ಪುಡಿ ಬಿಡಿಸುತ್ತದೆ. ನೀರಿನಲ್ಲಿ ಕಣ ಮುಳುಗುವ ವೇಗ ಅದರ ಅಡ್ಡಳತೆಯ ವರ್ಗಕ್ಕೆ ತಕ್ಕಂತೆ ಇರುತ್ತದೆ ಎಂದು 19ನೇ ಶತಮಾನದಲ್ಲಿ ಜಾರ್ಜ್ ಸ್ಟೋಕ್ಸ್ ತೋರಿಸಿಕೊಟ್ಟ. ಆ ಸೂತ್ರದ ಪ್ರಕಾರ 0.1 ಮಿ.ಮೀ. ಮರಳಿನ ಕಣ ಹತ್ತು ಸೆಂಟಿಮೀಟರ್ ಇಳಿಯಲು ಹತ್ತು ಹನ್ನೆರಡು ಸೆಕೆಂಡು ಸಾಕು. ಎರಡು ಮೈಕ್ರಾನಿನ ಜೇಡಿ ಕಣಕ್ಕೆ ಅದೇ ಹತ್ತು ಸೆಂಟಿಮೀಟರಿಗೆ ಸುಮಾರು ಎಂಟು ಗಂಟೆ ಬೇಕು. ಬೆಳಗ್ಗೆ ಕುಲುಕಿಟ್ಟರೆ ತಳದಲ್ಲಿ ಮರಳು, ಅದರ ಮೇಲೆ ಗೋಡು, ಮರುದಿನ ನೋಡಿದರೆ ಎಲ್ಲಕ್ಕಿಂತ ಮೇಲೆ ನುಣುಪಾದ ಜೇಡಿಯ ಪಟ್ಟಿ ಕಾಣುತ್ತದೆ. ಆ ಪಟ್ಟಿ ಒಟ್ಟು ಮಣ್ಣಿನ ಮೂರನೇ ಒಂದು ಪಾಲಿಗೆ ಹತ್ತಿರವಿದ್ದರೆ ಮಡಕೆಗೆ ಧೈರ್ಯವಾಗಿ ಇಳಿಯಬಹುದು.

ಇದೇ ಸೂತ್ರ ಮಣ್ಣು ಸೋಸುವುದಕ್ಕೂ ದಾರಿ. ಬಕೆಟ್ಟಿನಲ್ಲಿ ಮಣ್ಣು ನೆನೆಸಿ, ಕೈಯಾಡಿಸಿ, ಒಂದೆರಡು ನಿಮಿಷ ಬಿಟ್ಟು ಮೇಲಿನ ಕದಡಿದ ನೀರನ್ನು ಹಳೆಯ ಪಂಚೆಯ ಮೂಲಕ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿದರೆ ಕಲ್ಲು, ಬೇರು, ಮರಳು ಹಿಂದೆ ಉಳಿಯುತ್ತವೆ. ತಿಳಿನೀರು ಚೆಲ್ಲಿ, ಗಸಿಯನ್ನು ಹೆಂಚಿನ ಮೇಲೆ ಹರಡಿದರೆ ಹೆಂಚೇ ನೀರು ಹೀರಿ ಹದಕ್ಕೆ ತರುತ್ತದೆ. ಆಮೇಲೆ ನಾದಿ, ಒದ್ದೆ ಗೋಣಿ ಸುತ್ತಿ, ಕೆಲವು ವಾರ ನೆರಳಲ್ಲಿ ಕೊಳೆಹಾಕಬೇಕು. ನೀರು ಪ್ರತಿ ಕಣದ ಸುತ್ತಲೂ ಸಮನಾಗಿ ಹರಡಲು ಈ ಕಾಲ ಬೇಕು. ಬ್ಯಾಕ್ಟೀರಿಯಾಗಳು ಬಿಡುವ ಅಂಟು, ಆಮ್ಲಗಳೂ ಮಣ್ಣನ್ನು ಇನ್ನಷ್ಟು ಬಾಗುವಂತೆ ಮಾಡುತ್ತವೆ. ಮಣ್ಣಿಗೆ ಕಮಟು ವಾಸನೆ ಬಂದರೆ ಹೆದರಬೇಕಿಲ್ಲ, ಅದು ಒಳ್ಳೆಯ ಲಕ್ಷಣ.

ಇಷ್ಟು ನುಣುಪಾದ ಮಣ್ಣನ್ನು ಹಾಗೇ ಬಳಸಿದರೂ ಅಪಾಯ. ಅದಕ್ಕೆ ಐದರಲ್ಲಿ ಒಂದು ಪಾಲು ಸಣ್ಣ ಮರಳನ್ನೋ ಬೋಕಿಯ ಪುಡಿಯನ್ನೋ ಸೇರಿಸಬೇಕು. ಹಾಸನದ ಹಳ್ಳಿಗಳಲ್ಲಿ ಮಂಗಳೂರು ಹೆಂಚಿನ ಚೂರುಗಳಿಗೆ ಬರವಿಲ್ಲ; 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಕೆಂಪು ಹೆಂಚು ಘಟ್ಟ ಹತ್ತಿ ಬಂದು ಊರೂರಿನ ಮಾಡು ಏರಿತು. ಒಡೆದ ಹೆಂಚನ್ನು ಕುಟ್ಟಿ ಜರಡಿ ಹಿಡಿದರೆ ಬೋಕಿಯ ಪುಡಿ ಸಿದ್ಧ. ಅದು ಆಗಲೇ ಬೆಂದದ್ದರಿಂದ ಮತ್ತೆ ಕುಗ್ಗುವುದಿಲ್ಲ, ನೀರು ಹೊರಗೆ ಹೋಗಲು ಸಂದಿ ಮಾಡಿಕೊಡುತ್ತದೆ, ಹುಟ್ಟಿದ ಬಿರುಕನ್ನು ಮುಂದಕ್ಕೆ ಓಡಲು ಬಿಡದೆ ತಡೆಯುತ್ತದೆ.

ಎಳೆ, ಸುತ್ತು, ಬೆಸುಗೆ

ಹದವಾದ ಮಣ್ಣಿನ ಪರೀಕ್ಷೆ ಹೀಗೆ: ಪೆನ್ಸಿಲ್ ದಪ್ಪದ ಎಳೆ ಹೊಸೆದು ತೋರುಬೆರಳಿಗೆ ಉಂಗುರದಂತೆ ಸುತ್ತಿ. ಹೊರಮೈಯಲ್ಲಿ ಬಿರುಕು ಬೀಳದಿದ್ದರೆ ಮಣ್ಣು ತಯಾರು. ಸಣ್ಣ ಗೆರೆಗಳು ಬಿದ್ದರೆ ಒದ್ದೆ ಕೈಯಲ್ಲಿ ಇನ್ನೊಮ್ಮೆ ನಾದಿ. ಬಾಗಿದಲ್ಲೇ ಮುರಿದರೆ ನೀರೋ ಜೇಡಿಯೋ ಸಾಲದು. ಕೈಗೆ ಅಂಟಿಕೊಂಡರೆ ನೀರು ಹೆಚ್ಚು.

ಇನ್ನು ಮಡಕೆ. ಮೊದಲ ಸಲಕ್ಕೆ ಅಂಗೈ ಅಗಲದ, ಗೇಣುದ್ದಕ್ಕಿಂತ ಕಡಿಮೆ ಎತ್ತರದ್ದು ಸಾಕು. ಒಂದು ಮುಷ್ಟಿ ಮಣ್ಣನ್ನು ತಟ್ಟಿ, ಒಂದು ಸೆಂಟಿಮೀಟರ್ ದಪ್ಪದ ಬಿಲ್ಲೆ ಮಾಡಿ, ದಿನಪತ್ರಿಕೆ ಹಾಸಿದ ಹಲಗೆಯ ಮೇಲಿಡಿ. ಕಾಗದ ಇಲ್ಲದಿದ್ದರೆ ತಳ ಹಲಗೆಗೆ ಅಂಟಿಕೊಳ್ಳುತ್ತದೆ. ಒಣಗುತ್ತಾ ಕುಗ್ಗಲು ಹೊರಟಾಗ ಹಲಗೆ ಬಿಡದೆ ಹಿಡಿದರೆ ತಳವೇ ಸೀಳುತ್ತದೆ.

ಎಳೆ ಹೆಬ್ಬೆರಳಿಗಿಂತ ತುಸು ಸಣ್ಣಗಿರಲಿ. ಮೊದಲು ಅಂಗೈಗಳ ನಡುವೆ ನೇತುಬಿಟ್ಟು ಹಿಂಡುತ್ತಾ ಉದ್ದ ಮಾಡಿ, ಆಮೇಲೆ ಹಲಗೆಯ ಮೇಲೆ ಹೊಸೆಯಿರಿ. ಬೆರಳ ತುದಿಯಿಂದ ಹೊಸೆದರೆ ಎಳೆಯಲ್ಲಿ ಗುಳಿ ಬೀಳುತ್ತದೆ. ಬೆರಳುಗಳನ್ನು ಅಗಲಿಸಿ, ಅಂಗೈಯ ಬುಡದಿಂದ ಬೆರಳ ತುದಿಯವರೆಗೂ ಎಳೆ ಉರುಳುವಂತೆ ನಡುವಿನಿಂದ ಅಂಚಿನ ಕಡೆಗೆ ಸರಿಯುತ್ತಾ ಹೋಗಬೇಕು. ಎಳೆ ಪೂರ್ತಿ ಸುತ್ತು ಉರುಳದೆ ಹಿಂದೆ ಮುಂದೆ ಜಾರಿದರೆ ಚಪ್ಪಟೆಯಾಗುತ್ತದೆ. ಆಗ ಒತ್ತಿ ಮಟ್ಟ ಮಾಡಬೇಡಿ. ಚಪ್ಪಟೆಯಾದದ್ದನ್ನು ಒಂದು ಸಲ ಹುರಿ ತಿರುಚಿ ಮತ್ತೆ ಹೊಸೆದರೆ ದುಂಡಗಾಗುತ್ತದೆ. ಉದ್ದಕ್ಕೂ ಸೀಳು ಕಂಡರೆ ಹಲಗೆ ನೀರು ಹೀರುತ್ತಿದೆ ಎಂದರ್ಥ. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಮುಂದುವರಿಯಿರಿ.

ಹೀಗೆ ಹೊಸೆಯುವಾಗ ಎಳೆಯೊಳಗೆ ಒಂದು ಜೋಡಣೆ ನಡೆಯುತ್ತಿರುತ್ತದೆ. ದಿಕ್ಕಾಪಾಲಾಗಿದ್ದ ಚಪ್ಪಟೆ ಕಣಗಳು ಒತ್ತಡಕ್ಕೆ ತಿರುಗಿ ಎಳೆಯ ಉದ್ದಕ್ಕೆ ಮಲಗುತ್ತವೆ. ಆದ್ದರಿಂದ ಎಳೆ ಉದ್ದಕ್ಕೆ ಗಟ್ಟಿ. ಆದರೆ ಒಂದು ಎಳೆಯ ಮೇಲೆ ಇನ್ನೊಂದನ್ನು ಸುಮ್ಮನೆ ಇಟ್ಟರೆ ಎರಡರ ನಡುವೆ ಕಣಗಳ ಹೊಂದಾಣಿಕೆ ಇರುವುದಿಲ್ಲ. ಮಡಕೆಯ ಅತ್ಯಂತ ದುರ್ಬಲ ಜಾಗ ಅದೇ. ಅದಕ್ಕೇ ಬೆಸುಗೆಗೆ ಮೂರು ಹಂತ. ಕೂಡುವ ಎರಡೂ ಮೈಗಳನ್ನು ಹಳೆಯ ಫೋರ್ಕಿನಿಂದ ಗೀರುವುದು, ಅದೇ ಮಣ್ಣನ್ನು ನೀರಲ್ಲಿ ಕದಡಿದ ಅಂಬಲಿ ಹಚ್ಚುವುದು, ಎಳೆ ಕೂರಿಸಿದ ಮೇಲೆ ಒಳಗಿನಿಂದ ಹೆಬ್ಬೆರಳಲ್ಲಿ ಮೇಲಿನ ಎಳೆಯ ಮಣ್ಣನ್ನು ಕೆಳಗಿನದರ ಮೇಲೆ ಎಳೆದು ಸಂದು ಮುಚ್ಚುವುದು. ಅಂಬಲಿ ಬೇರೆ ಮಣ್ಣಿನದಾದರೆ ಅದು ಕುಗ್ಗುವ ಪ್ರಮಾಣವೂ ಬೇರೆ. ಒಣಗಿದಾಗ ಸಂದು ಬಾಯಿ ಬಿಡುತ್ತದೆ. ಬರಿಯ ನೀರು ಹಚ್ಚಿದರೂ ಸಾಲದು. ಕಣಗಳು ಒಂದು ಎಳೆಯಿಂದ ಇನ್ನೊಂದಕ್ಕೆ ದಾಟಿ ಹೆಣೆದುಕೊಳ್ಳಬೇಕು, ಗೀರುವುದೂ ಎಳೆಯುವುದೂ ಅದಕ್ಕಾಗಿಯೇ.

ಎಳೆಯನ್ನು ಕೆಳಗಿನದರ ತುಸು ಹೊರಕ್ಕೆ ಇಟ್ಟರೆ ಹೊಟ್ಟೆ ಅಗಲವಾಗುತ್ತದೆ, ಒಳಕ್ಕೆ ಇಟ್ಟರೆ ಕತ್ತು ಕಿರಿದಾಗುತ್ತದೆ. ಮೂರು ನಾಲ್ಕು ಸುತ್ತಿಗೊಮ್ಮೆ ನಿಲ್ಲಿಸಿ. ತಳದ ಸುತ್ತುಗಳು ಇನ್ನೂ ಮೆತ್ತಗಿರುವಾಗ ಮೇಲಿನ ಭಾರ ಹೇರಿದರೆ ಗೋಡೆ ಕುಸಿಯುತ್ತದೆ. ಬೆರಳೊತ್ತಿದರೆ ತಗ್ಗು ಬೀಳದ, ಉಗುರು ಗೀರಿದರೆ ಗೆರೆ ಮೂಡುವ ಹದಕ್ಕೆ ತಳ ಬಂದ ಮೇಲೆ ಮುಂದಿನ ಸುತ್ತು. ಮೇಲಂಚನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಮುಚ್ಚಿಟ್ಟಿರಬೇಕು, ಬೆಸುಗೆಗೆ ಅಲ್ಲಿ ನೀರು ಬೇಕು.

ಗೋಡೆ ಎದ್ದ ಮೇಲೆ ನಮ್ಮ ಕುಂಬಾರರ ಹಳೆಯ ಉಪಾಯವೊಂದನ್ನು ಕಡ ತರಬಹುದು. ಒಳಗೆ ನುಣುಪಾದ ಕಲ್ಲಿನ ಗುಂಡು ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ಮೆಲ್ಲಗೆ ತಟ್ಟುವುದು. ತಿಗರಿಯ ಮೇಲೆ ಎತ್ತಿದ ಮಡಕೆಯನ್ನೂ ಅವರು ಹೀಗೆ ತಟ್ಟಿಯೇ ತೆಳ್ಳಗೆ, ದೊಡ್ಡದಾಗಿ ಮಾಡುತ್ತಾರೆ. ಪ್ರತಿ ಪೆಟ್ಟಿಗೂ ಕಣಗಳು ಗೋಡೆಗೆ ಸಮಾನಾಂತರವಾಗಿ ಮಲಗುತ್ತವೆ, ಸಂದುಗಳು ಮುಚ್ಚುತ್ತವೆ, ಸಿಕ್ಕಿಕೊಂಡ ಗಾಳಿ ಹೊರಗೆ ಹೋಗುತ್ತದೆ. ಕೊನೆಗೆ ಹೊಳೆಕಲ್ಲಿನಿಂದ ಮೈ ಉಜ್ಜಿದರೆ ಮೇಲ್ಪದರದ ಕಣಗಳೆಲ್ಲ ಒಂದೇ ಮಟ್ಟಕ್ಕೆ ಚಪ್ಪಟೆಯಾಗಿ ಬೆಳಕನ್ನು ಒಂದೇ ದಿಕ್ಕಿಗೆ ಹೊಮ್ಮಿಸುತ್ತವೆ. ಬಣ್ಣ ಹಚ್ಚದೆಯೇ ಮಡಕೆಗೆ ಹೊಳಪು ಬರುವುದು ಹೀಗೆ.

ತಿಗರಿಗೂ ಮುಂಚೆ

ಮನುಷ್ಯ ಮಡಕೆ ಮಾಡಿದ್ದು ತಿಗರಿ ಬರುವುದಕ್ಕೆ ಎಷ್ಟೋ ಮೊದಲು. ಚೀನಾದ ಜಿಯಾಂಗ್‌ಷಿ ಪ್ರಾಂತ್ಯದ ಕ್ಸಿಯಾನ್‌ರೆನ್‌ಡಾಂಗ್ ಗುಹೆಯ ಬೋಕಿಗಳು ಸುಮಾರು 20 ಸಾವಿರ ವರ್ಷ ಹಳೆಯವು ಎಂದು 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಆಗಿನ್ನೂ ಬೇಸಾಯವೇ ಶುರುವಾಗಿರಲಿಲ್ಲ. ಜಪಾನಿನ ಜೋಮೋನ್ ಜನ ಎಳೆ ಸುತ್ತಿಯೇ ದೊಡ್ಡ ಪಾತ್ರೆಗಳನ್ನು ಎಬ್ಬಿಸಿದ್ದರು. ನಿಕೋಬಾರಿನ ಚೌರಾ ದ್ವೀಪದಲ್ಲಿ ಹೆಂಗಸರು ಇದೇ ವಿಧಾನದಲ್ಲಿ ಮಾಡಿದ ಮಡಕೆಗಳು ಸುತ್ತಲಿನ ದ್ವೀಪಗಳಿಗೆ ದೋಣಿಯಲ್ಲಿ ಹೋಗುತ್ತಿದ್ದವು.

ಕರ್ನಾಟಕದಲ್ಲೂ ನವಶಿಲಾಯುಗದವರ ಮಡಕೆ ಕೈಕೆಲಸವೇ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ನಯಗೊಳಿಸಿದ ಕಲ್ಲುಕೊಡಲಿಗಳ ಜೊತೆ ಸಿಕ್ಕಿದ್ದು ಹೆಚ್ಚಾಗಿ ಕೈಯಲ್ಲಿ ಮಾಡಿದ ಬೂದು ಬಣ್ಣದ ಒರಟು ಮಡಕೆಗಳು. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ 1965ರಲ್ಲಿ ಎಂ. ಎಸ್. ನಾಗರಾಜರಾವ್ ನಡೆಸಿದ ಉತ್ಖನನದಲ್ಲೂ ನವಶಿಲಾಯುಗದ ಪದರಗಳ ಮೇಲೆ ಕಬ್ಬಿಣ ಬಳಸಿದ ಬೃಹತ್ ಶಿಲಾಯುಗದ ಕಪ್ಪು-ಕೆಂಪು ಮಡಕೆಗಳು ಬಂದವು.

ಒಂದು ಬೋಕಿಯನ್ನು ನೋಡಿ ಅದು ಎಳೆಯದೋ ತಿಗರಿಯದೋ ಎಂದು ಹೇಗೆ ಹೇಳುತ್ತಾರೆ? ಎಳೆಯ ಮಡಕೆ ಒಡೆಯುವುದು ಹೆಚ್ಚಾಗಿ ಸಂದಿನಲ್ಲೇ, ಅಡ್ಡಡ್ಡ ಗೆರೆಯಲ್ಲಿ. ಕಣ್ಣಿಗೆ ಕಾಣದ್ದನ್ನು ಎಕ್ಸ್‌ರೇ ತೋರಿಸುತ್ತದೆ. ಗೋಡೆಯೊಳಗಿನ ಸಣ್ಣ ಗಾಳಿಗುಳಿಗಳು ಎಳೆಯ ಮಡಕೆಯಲ್ಲಿ ಅಡ್ಡಡ್ಡ ಮಲಗಿರುತ್ತವೆ. ತಿಗರಿಯ ಮೇಲೆ ಎಳೆದೆತ್ತಿದ ಮಡಕೆಯಲ್ಲಿ ಓರೆಯಾಗಿ ಮೇಲಕ್ಕೆ ಏರುತ್ತವೆ. ಪುರಾತತ್ತ್ವಜ್ಞ ಓವೆನ್ ರೈ 1977ರಲ್ಲಿ ಈ ವ್ಯತ್ಯಾಸಗಳನ್ನು ವಿವರವಾಗಿ ಬರೆದ ಮೇಲೆ ಎಕ್ಸ್‌ರೇ ಮಡಕೆ ಅಧ್ಯಯನದ ಸಲಕರಣೆಯಾಯಿತು. ಸಾವಿರಾರು ವರ್ಷ ಹಿಂದೆ ಕೈ ಯಾವ ಕಡೆ ಆಡಿತ್ತು ಎಂಬುದು ಕಣಗಳ ಮಲಗುವಿಕೆಯಲ್ಲಿ ಉಳಿದಿರುತ್ತದೆ.

ಒಣಗುವ ಲೆಕ್ಕ

ಮಡಕೆ ಕೆಡುವುದು ಮಾಡುವಾಗ ಕಡಿಮೆ, ಒಣಗುವಾಗ ಹೆಚ್ಚು. ಕಣಗಳ ನಡುವಿನ ನೀರಿನ ಪೊರೆ ಆರಿದಂತೆ ಕಣಗಳು ಹತ್ತಿರ ಬರುತ್ತವೆ, ಮಡಕೆ ಕುಗ್ಗುತ್ತದೆ. ಸಾಮಾನ್ಯ ಮಡಕೆ ಮಣ್ಣು ಉದ್ದಳತೆಯಲ್ಲಿ ನೂರಕ್ಕೆ ಐದರಿಂದ ಎಂಟರಷ್ಟು ಕುಗ್ಗುತ್ತದೆ. ಏಳು ಎಂದಿಟ್ಟುಕೊಂಡರೆ 20 ಸೆಂ.ಮೀ. ಮಡಕೆ 18.6 ಸೆಂ.ಮೀ.ಗೆ ಇಳಿಯುತ್ತದೆ. ಅಷ್ಟೇನಾ ಅನ್ನಿಸಬಹುದು. ಆದರೆ ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ ಗಾತ್ರದಲ್ಲಿ ಐದನೇ ಒಂದು ಪಾಲು ಮಾಯವಾಗಿರುತ್ತದೆ.

ಎಲ್ಲ ಕಡೆ ಸಮನಾಗಿ ಕುಗ್ಗಿದರೆ ಯಾವ ತೊಂದರೆಯೂ ಇಲ್ಲ. ಆದರೆ ಅಂಚು ತೆಳ್ಳಗಿದ್ದು ಗಾಳಿಗೆ ಬೇಗ ಒಣಗಿ ಕುಗ್ಗುತ್ತದೆ, ತಳ ಇನ್ನೂ ಹಸಿಯಾಗಿ ಹಿಗ್ಗಿಕೊಂಡೇ ಇರುತ್ತದೆ. ಈ ಎಳೆದಾಟಕ್ಕೆ ಬಿರುಕು ಹುಟ್ಟುತ್ತದೆ. ಗೋಡೆಯ ಒಳಗಿನ ನೀರು ಮೈಗೆ ಬರಲು ಬೇಕಾದ ಕಾಲವೂ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗೋಡೆ ಎರಡರಷ್ಟು ದಪ್ಪವಾದರೆ ಒಣಗಲು ಹೆಚ್ಚುಕಡಿಮೆ ನಾಲ್ಕರಷ್ಟು ಸಮಯ. ಹಾಗಾಗಿ ಗೋಡೆ ಎಲ್ಲೆಡೆ ಒಂದೇ ದಪ್ಪ ಇರಬೇಕೆಂಬುದು ಅಂದಕ್ಕಾಗಿ ಹೇಳಿದ ಮಾತಲ್ಲ.

ಅರಸೀಕೆರೆಯ ಏಪ್ರಿಲ್ ಬಿಸಿಲಿನಲ್ಲಿ ಮಡಕೆಯನ್ನು ಹೊರಗಿಟ್ಟರೆ ಮಧ್ಯಾಹ್ನಕ್ಕೇ ಸೀಳಬಹುದು. ಗೆಂಡೆಹಳ್ಳಿಯ ಜುಲೈ ಮಳೆಯಲ್ಲಿ ಅದು ವಾರವಾದರೂ ಹಸಿಯಾಗಿಯೇ ಇರುತ್ತದೆ. ಮೊದಲ ಕಡೆ ಗೋಣಿಚೀಲ ಹೊದಿಸಿ ನೆರಳಲ್ಲಿಡಬೇಕು, ಎರಡನೆಯ ಕಡೆ ಒಲೆಯ ಹತ್ತಿರದ ಅಟ್ಟವೇ ಗತಿ. ಮಡಕೆ ಅಷ್ಟಿಷ್ಟು ಗಟ್ಟಿಯಾದೊಡನೆ ಬೋರಲು ಹಾಕಿದರೆ ತಳಕ್ಕೂ ಗಾಳಿಯಾಡುತ್ತದೆ. ಒಣಗಿತೇ ಎಂದು ತಿಳಿಯಲು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ತಾಗಿದರೆ ಇನ್ನೂ ನೀರು ಆವಿಯಾಗುತ್ತಿದೆ.

ಬೆಂಕಿಯೊಳಗೆ ನಡೆಯುವುದು

ಒಣಗಿದ ಮಡಕೆಯನ್ನು ನೀರಿನ ಬಕೆಟ್ಟಿಗೆ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ಕುಸಿದು ಮತ್ತೆ ಕೆಸರಾಗುತ್ತದೆ. ಈವರೆಗೆ ನಡೆದದ್ದೆಲ್ಲ ಹಿಂದಕ್ಕೆ ತಿರುಗಿಸಬಹುದಾದ ಕೆಲಸ. ಮಣ್ಣನ್ನು ಮಡಕೆಯಾಗಿಸುವುದು ಬೆಂಕಿ.

ಮೊದಲ ಗಂಡಾಂತರ ನೂರು ಡಿಗ್ರಿಯಲ್ಲಿ. ಒಂದು ಗ್ರಾಂ ನೀರು ಕುದಿದು ಆವಿಯಾದರೆ ಸುಮಾರು 1.7 ಲೀಟರ್ ಜಾಗ ಕೇಳುತ್ತದೆ. ಗೋಡೆಯೊಳಗೆ ನೀರಿದ್ದು ಉರಿ ಒಮ್ಮೆಲೇ ಏರಿದರೆ ಆವಿ ಹೊರಗೆ ಬರಲು ದಾರಿ ಸಾಲದೆ ಮಡಕೆ ಸಿಡಿಯುತ್ತದೆ. ಗಾಳಿಗುಳಿಯಿಂದ ಮಡಕೆ ಸಿಡಿಯಿತು ಎನ್ನುವ ಮಾತು ಸಾಮಾನ್ಯ. ನಿಜವಾದ ಅಪರಾಧಿ ನೀರು. ಅದಕ್ಕೇ ಬೇಯಿಸುವ ದಿನ ಮೊದಲ ಒಂದೆರಡು ಗಂಟೆ ಕೆಂಡದ ಪಕ್ಕದಲ್ಲಿಟ್ಟು, ಆಗಾಗ ತಿರುಗಿಸುತ್ತಾ, ಮುಟ್ಟಲಾರದಷ್ಟು ಬಿಸಿ ಮಾಡಬೇಕು.

ಮುನ್ನೂರು ಡಿಗ್ರಿಯ ಒಳಗೇ ಮಣ್ಣಿನ ಹಳದಿ ಕಬ್ಬಿಣದ ಖನಿಜ ನೀರು ಕಳೆದುಕೊಂಡು ಕೆಂಪು ಹೆಮಟೈಟ್ ಆಗುತ್ತದೆ. ಹಳದಿ ಮಣ್ಣಿನ ಮಡಕೆಯೂ ಬೆಂದು ಕೆಂಪಾಗುವುದು ಇದರಿಂದ. ಸುಮಾರು 450ರಿಂದ 600 ಡಿಗ್ರಿಯ ನಡುವೆ ನಿರ್ಣಾಯಕ ಘಟ್ಟ. ಕೆಯೊಲಿನೈಟ್ ತನ್ನ ಹರಳಿನೊಳಗೇ ಕಟ್ಟಿಕೊಂಡಿದ್ದ ನೀರನ್ನು ಬಿಡುತ್ತದೆ, ತೂಕದಲ್ಲಿ ನೂರಕ್ಕೆ ಸುಮಾರು ಹದಿನಾಲ್ಕರಷ್ಟು. ಪದರದ ವ್ಯವಸ್ಥೆ ಮುರಿದು ಬೀಳುತ್ತದೆ. ಇನ್ನು ಮುಂದೆ ಬಕೆಟ್ಟಿನ ನೀರಿಗೆ ಅದನ್ನು ಕೆಸರು ಮಾಡುವ ಶಕ್ತಿಯಿಲ್ಲ. ಇದೇ ದಾರಿಯಲ್ಲಿ 573 ಡಿಗ್ರಿಯಲ್ಲಿ ಮರಳಿನ ಕ್ವಾರ್ಟ್ಸ್ ಹರಳು ರೂಪ ಬದಲಿಸಿ ಥಟ್ಟನೆ ಹಿಗ್ಗುತ್ತದೆ. ಆರುವಾಗ ಅದೇ ಬಿಸಿಯಲ್ಲಿ ಥಟ್ಟನೆ ಕುಗ್ಗುತ್ತದೆ. ಬೆಂದ ಮಡಕೆಯನ್ನು ನೋಡುವ ಆತುರಕ್ಕೆ ಬೂದಿ ಕೆದಕಿದವರಿಗೆ ಟಣ್ ಎಂಬ ಸದ್ದು ಕೇಳಿಸುವುದು ಇದರಿಂದಲೇ. ಬೂದಿ ತಾನಾಗಿ ತಣಿಯಬೇಕು, ಅದಕ್ಕೆ ಒಂದು ರಾತ್ರಿ ಬಿಡಿ.

ಹೊಸಬರಿಗೆ ಆವಿಗೆ, ಅಂದರೆ ಮಡಕೆ ಸುಡುವ ಗೂಡು, ಬೇಕಿಲ್ಲ. ಮೊಣಕಾಲುದ್ದದ ಗುಂಡಿಯಲ್ಲಿ ಕೆಳಗೆ ಹುಲ್ಲು, ಬೆರಣಿ, ಬಿಸಿಯಾದ ಮಡಕೆ, ಸುತ್ತ ಮತ್ತೆ ಬೆರಣಿ, ತೆಂಗಿನ ಚಿಪ್ಪು, ಮೇಲೆ ಒಡೆದ ಹೆಂಚಿನ ಮುಚ್ಚಿಗೆ ಸಾಕು. ಇಂಥ ಬಯಲು ಸುಡುವಿಕೆಯಲ್ಲಿ 600ರಿಂದ 900 ಡಿಗ್ರಿ ಮುಟ್ಟಬಹುದು. ಥರ್ಮಾಮೀಟರ್ ಇಲ್ಲದೆ ತಿಳಿಯುವ ಬಗೆ ಬಣ್ಣ: ಮಸುಕು ಕೆಂಪು ಕಂಡರೆ 600ರ ಆಸುಪಾಸು, ಹೊಳೆಯುವ ಕೆಂಪು ಕಂಡರೆ 750 ದಾಟಿದೆ. ಬಿಸಿಲಲ್ಲಿ ಈ ಬಣ್ಣ ಗೊತ್ತಾಗದು, ಹೊತ್ತು ಮುಳುಗುವಾಗ ಬೆಂಕಿ ಹಾಕಿ. ಕಾಫಿ ತೋಟದ ತರಗೆಲೆಯಿಂದ ದೂರದಲ್ಲಿ, ಗಾಳಿಯಿಲ್ಲದ ದಿನ, ಪಕ್ಕದಲ್ಲಿ ನೀರಿಟ್ಟುಕೊಂಡು ಮಾಡಬೇಕಾದ ಕೆಲಸ ಇದು. ಸಿಡಿದ ಚೂರು ಕಣ್ಣಿಗೆ ಹಾರದಂತೆ ದೂರ ನಿಲ್ಲಿ.

ಮಡಕೆ ಅಲ್ಲಲ್ಲಿ ಕಪ್ಪಾಗಿ ಬಂದರೆ ಅದು ದೋಷವಲ್ಲ. ಗಾಳಿ ಸಿಕ್ಕ ಕಡೆ ಕಬ್ಬಿಣ ಆಮ್ಲಜನಕ ಹಿಡಿದು ಕೆಂಪಾಗಿದೆ, ಸಿಗದ ಕಡೆ ಹೊಗೆಯ ಇಂಗಾಲ ಕೂತು ಕಪ್ಪಾಗಿದೆ. ಬೃಹತ್ ಶಿಲಾಯುಗದ ಕಪ್ಪು-ಕೆಂಪು ಮಡಕೆಗಳು ಇದನ್ನೇ ಬೇಕೆಂದು ಮಾಡಿದಂಥವು. ಬಯಲುಸೀಮೆಯ ಮಣ್ಣಿನಲ್ಲಿ ಮಾತ್ರ ಒಂದು ಎಚ್ಚರ ಬೇಕು. ಅದರಲ್ಲಿ ಬಿಳಿ ಸುಣ್ಣದ ಗಟ್ಟಿಗಳಿದ್ದರೆ ಅವು ಬೆಂಕಿಯಲ್ಲಿ ಸುಟ್ಟ ಸುಣ್ಣವಾಗಿ, ಆಮೇಲೆ ಗಾಳಿಯ ತೇವ ಹೀರಿ ಊದಿ, ಚೆನ್ನಾಗಿ ಬೆಂದ ಮಡಕೆಯ ಮೈಯಿಂದ ವಾರದ ನಂತರವೂ ಚಕ್ಕೆ ಎಬ್ಬಿಸುತ್ತವೆ. ಸೋಸುವ ಹಂತದಲ್ಲೇ ಅವನ್ನು ತೆಗೆಯಬೇಕು.

ತಣ್ಣೀರಿನ ಗಣಿತ

ಬೆಂದ ಮಡಕೆಯ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿದಿರುತ್ತವೆ. ಒಳಗಿನ ನೀರು ಅವುಗಳ ಮೂಲಕ ಹೊರಮೈಗೆ ಜಿನುಗಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2.4 ಕಿಲೋಜೂಲ್ ಶಾಖ ಬೇಕು. ಅದನ್ನು ಅದು ಮಡಕೆಯ ನೀರಿನಿಂದಲೇ ಹೆಚ್ಚಾಗಿ ತೆಗೆದುಕೊಳ್ಳುತ್ತದೆ. ಒಂದು ಲೀಟರ್ ನೀರಿನಲ್ಲಿ ಬರಿಯ ಹತ್ತು ಗ್ರಾಂ ಹೀಗೆ ಹೋದರೆ ಉಳಿದದ್ದು ಐದಾರು ಡಿಗ್ರಿ ತಣಿಯಬೇಕು. ಸುತ್ತಲಿನ ಗಾಳಿ ಒಂದಿಷ್ಟು ಶಾಖವನ್ನು ಮರಳಿಸುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು ನೀರು ಆವಿಯಾಗಬೇಕಾಗುತ್ತದೆ. ಒಣ ಗಾಳಿಯ ಅರಸೀಕೆರೆಯ ಬೇಸಗೆಯಲ್ಲಿ ಮಡಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಗಾಳಿಯಲ್ಲೇ ತೇವ ತುಂಬಿದ ಗೆಂಡೆಹಳ್ಳಿಯ ಮಳೆಗಾಲದಲ್ಲಿ ಅದೇ ಮಡಕೆಯ ನೀರು ಹೆಚ್ಚೇನೂ ತಣಿಯುವುದಿಲ್ಲ. ಬಹಳ ನುಣುಪಾಗಿ ಉಜ್ಜಿದ ಮಡಕೆಯೂ ನೀರನ್ನು ಅಷ್ಟಾಗಿ ತಣಿಸದು, ಉಜ್ಜುವಾಗಲೇ ರಂಧ್ರಗಳ ಬಾಯಿ ಮುಚ್ಚಿರುತ್ತದೆ. ನೀರಿಗೆ ಒರಟು ಮೈ, ಸಾರಿಗೆ ಉಜ್ಜಿದ ಮೈ ಎಂದು ಮೊದಲೇ ತೀರ್ಮಾನ ಮಾಡಿಕೊಳ್ಳುವುದು ಒಳ್ಳೆಯದು.

ಮುಂದೆ ತಿಗರಿಯನ್ನೂ ಕಲಿಯಬೇಕು ಎನ್ನಿಸಿದವರಿಗೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯಿದೆ. ನಿಮ್ಮ ಊರಿನ ಸುತ್ತ ಇನ್ನೂ ಆವಿಗೆ ಹಾಕುವ ಕುಂಬಾರರ ಮನೆ ಇದ್ದರೆ ಮೊದಲು ಅಲ್ಲಿಗೇ ಹೋಗಿ. ಯಾವ ಕೆರೆಯ ಯಾವ ಮೂಲೆಯ ಮಣ್ಣು ಆಗುತ್ತದೆ ಎಂಬ ತಿಳಿವಳಿಕೆ ಅವರ ಹತ್ತಿರ ಇರುವಷ್ಟು ಯಾವ ನಕ್ಷೆಯಲ್ಲೂ ಇಲ್ಲ.

ಅಷ್ಟರವರೆಗೆ ಮಾಡಬೇಕಾದದ್ದು ಸರಳ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಪಂಚಾಯಿತಿಯವರಿಗೆ ಒಂದು ಮಾತು ಹೇಳಿ, ಒಂದು ಬಕೆಟ್ ಮಣ್ಣು ತನ್ನಿ. ಮಕ್ಕಳನ್ನೂ ಕೂರಿಸಿಕೊಳ್ಳಿ. ಕೆರೆಯಂಗಳದ ಮಣ್ಣು, ಹೊಲದ ಮಣ್ಣು, ಹುತ್ತದ ಮಣ್ಣು ಮೂರನ್ನೂ ಬೇರೆ ಬೇರೆ ಕಲಸಿ ಎಳೆ ಹೊಸೆಯಿರಿ, ಬೆರಳಿಗೆ ಸುತ್ತಿ ನೋಡಿ, ಯಾವುದು ಎಲ್ಲಿ ಬಿರಿಯಿತು ಎಂದು ಬರೆದಿಡಿ. ಮಡಕೆ ನಿಂತರೂ ಬಿದ್ದರೂ, ನಿಮ್ಮ ಊರಿನ ನೆಲದ ಮೇಲೆ ಎಷ್ಟು ಮಳೆ ಬಿದ್ದಿದೆ, ಅದು ಏನನ್ನು ತೊಳೆದು ಏನನ್ನು ಉಳಿಸಿದೆ ಎಂಬ ಲೆಕ್ಕ ಆ ಪುಟದಲ್ಲಿರುತ್ತದೆ.